ಸಿಂಕ್ ಮಾಡುವಾಗ ‘ಓವರ್‌ರೈಡ್’ ಒತ್ತಿದರೆ ಯಾರ ಕೆಲಸ ಅಳಿಯುತ್ತದೆ?

“ಈ ಫೈಲ್ ಎರಡೂ ಕಡೆ ಬದಲಾಗಿದೆ. ಯಾವುದನ್ನು ಉಳಿಸಿಕೊಳ್ಳಲಿ?” ಫೋನ್ ಅಥವಾ ಲ್ಯಾಪ್‌ಟಾಪ್ ಒಂದಲ್ಲ ಒಂದು ದಿನ ನಿಮ್ಮನ್ನು ಹೀಗೆ ಕೇಳಿರುತ್ತದೆ. ನಾವು ಅವಸರದಲ್ಲಿರುತ್ತೇವೆ, ಮೇಲಿರುವ ಬಟನ್ ಒತ್ತಿ ಮುಂದೆ ಹೋಗುತ್ತೇವೆ. ಎರಡು ದಿನ ಬಿಟ್ಟು ನೋಡಿದರೆ ಯಾರೋ ಕಷ್ಟಪಟ್ಟು ಟೈಪ್ ಮಾಡಿದ್ದು ಮಾಯವಾಗಿರುತ್ತದೆ. ಆಗ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಕ್ಲೌಡ್‌ನಲ್ಲಿ ಇದೆಯಲ್ಲ, ಎಲ್ಲಿಗೆ ಹೋಗುತ್ತೆ? ವಾಪಸ್ ಬರುತ್ತೆ ಬಿಡಿ.”

ಬರುತ್ತದೆಯೇ? ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಏನು ಮಾಡಿದರೂ ಬರುವುದಿಲ್ಲ. ಇದು ಅದೃಷ್ಟದ ವಿಷಯವಲ್ಲ. ನೀವು ಯಾವ ಕಡೆಯ ಬದಲಾವಣೆಯನ್ನು ಅಳಿಸಿದಿರಿ ಮತ್ತು ಅಳಿಸುವ ಮೊದಲು ಅದು ಎಲ್ಲಾದರೂ ದಾಖಲಾಗಿತ್ತೇ ಎಂಬುದರ ಮೇಲೆ ಅದು ನಿಂತಿದೆ. ಇದನ್ನು ಅರ್ಥ ಮಾಡಿಕೊಳ್ಳಲು ಒಳ್ಳೆಯ ದಾರಿ ಎಂದರೆ ಸಾಫ್ಟ್‌ವೇರ್ ಎಂಜಿನಿಯರುಗಳು ದಿನವೂ ಬಳಸುವ ‘ವರ್ಷನ್ ಕಂಟ್ರೋಲ್’ ಎಂಬ ವ್ಯವಸ್ಥೆಯನ್ನು ನೋಡುವುದು. ನಿಮ್ಮ ಮನೆಯಲ್ಲೂ ಐಟಿ ಕೆಲಸದಲ್ಲಿರುವವರು ಇದ್ದರೆ, ಅವರ ಬಾಯಲ್ಲಿ ‘ಗಿಟ್’, ‘ಕಮಿಟ್’, ‘ಪುಶ್’ ಎಂಬ ಪದಗಳನ್ನು ಕೇಳಿರುತ್ತೀರಿ. ಅದು ಇದೇ.

ವರ್ಷನ್ ಕಂಟ್ರೋಲ್ ಎಂದರೇನು?

ಒಂದೇ ಪ್ರೋಗ್ರಾಂ ಮೇಲೆ ಹತ್ತಾರು, ಕೆಲವೊಮ್ಮೆ ಸಾವಿರಾರು ಜನ ಕೆಲಸ ಮಾಡುತ್ತಾರೆ. ಎಲ್ಲರ ಬಳಿಯೂ ಫೈಲುಗಳ ಒಂದೊಂದು ಪ್ರತಿ ಇರುತ್ತದೆ. ಎಲ್ಲರಿಗೂ ಸೇರಿದ ಮೂಲ ಪ್ರತಿ ಸರ್ವರ್‌ನಲ್ಲಿರುತ್ತದೆ, ಅದಕ್ಕೆ ರೆಪೊಸಿಟರಿ ಎನ್ನುತ್ತಾರೆ. ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರು ಎಂಬುದು ಅಲ್ಲಿ ಬ್ಯಾಂಕ್ ಪಾಸ್‌ಬುಕ್‌ನಂತೆ ಒಂದರ ಕೆಳಗೊಂದು ದಾಖಲಾಗುತ್ತ ಹೋಗುತ್ತದೆ. ಹೀಗೆ ದಾಖಲಿಸುವ ಕೆಲಸಕ್ಕೇ ಕಮಿಟ್ ಎಂದು ಹೆಸರು.

1982ರ ಸುಮಾರಿಗೆ ಬಂದ ಆರ್‌ಸಿಎಸ್ ಎಂಬ ವ್ಯವಸ್ಥೆಯಲ್ಲಿ ಫೈಲಿಗೆ ಬೀಗ ಹಾಕುವ ಪದ್ಧತಿ ಇತ್ತು. ಒಬ್ಬರು ತಿದ್ದುತ್ತಿದ್ದರೆ ಉಳಿದವರು ಕಾಯಬೇಕು. ಜಗಳವಿಲ್ಲ, ಆದರೆ ಕೆಲಸ ನಿಧಾನ. ನಂತರ ಬಂದ ಸಿವಿಎಸ್, ಸಬ್‌ವರ್ಷನ್, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕೆಲಸಕ್ಕೆಂದೇ ಬರೆದ ಗಿಟ್, ಇವೆಲ್ಲ “ಎಲ್ಲರೂ ಒಟ್ಟಿಗೆ ತಿದ್ದಿ, ಆಮೇಲೆ ಸೇರಿಸೋಣ” ಎನ್ನುವ ದಾರಿ ಹಿಡಿದವು. ಕೆಲಸ ವೇಗವಾಯಿತು. ಜೊತೆಗೆ ಒಂದು ತಲೆನೋವೂ ಬಂತು: ಇಬ್ಬರು ಒಂದೇ ಜಾಗವನ್ನು ತಿದ್ದಿದರೆ ಏನು ಮಾಡುವುದು?

ಒಳಬರುವುದು, ಹೊರಹೋಗುವುದು, ಡಿಕ್ಕಿ ಹೊಡೆಯುವುದು

ಸಿಂಕ್ ಮಾಡಿದಾಗ ಮೂರು ಬಗೆಯ ಬದಲಾವಣೆಗಳು ಕಾಣುತ್ತವೆ.

ಬೇರೆಯವರು ಮಾಡಿ ಸರ್ವರ್‌ಗೆ ಸೇರಿಸಿರುವ, ನಿಮ್ಮ ಬಳಿಗೆ ಇನ್ನೂ ಬಂದಿರದ ಬದಲಾವಣೆ ‘ಇನ್‌ಕಮಿಂಗ್’, ಅಂದರೆ ಒಳಬರುವುದು. ನೀವು ಮಾಡಿರುವ, ಸರ್ವರ್‌ಗೆ ಇನ್ನೂ ಹೋಗಿರದ ಬದಲಾವಣೆ ‘ಔಟ್‌ಗೋಯಿಂಗ್’, ಅಂದರೆ ಹೊರಹೋಗುವುದು. ಒಂದೇ ಫೈಲ್ ಎರಡೂ ಕಡೆ ಬದಲಾಗಿದ್ದರೆ ಅದು ‘ಕಾನ್‌ಫ್ಲಿಕ್ಟ್’. ಎಕ್ಲಿಪ್ಸ್ ಎಂಬ ಜನಪ್ರಿಯ ತಂತ್ರಾಂಶದಲ್ಲಿ ಒಳಬರುವುದಕ್ಕೆ ನೀಲಿ ಬಾಣ, ಡಿಕ್ಕಿಗೆ ಎರಡೂ ಕಡೆ ತುದಿಯಿರುವ ಕೆಂಪು ಬಾಣ ಕಾಣಿಸುತ್ತದೆ.

ಡಿಕ್ಕಿಯಾದಾಗ ಎದುರಿಗೆ ಮೂರು ದಾರಿ. ಮೊದಲನೆಯದು, ಕೂತು ಎರಡನ್ನೂ ನೋಡಿ ಸೇರಿಸುವುದು. ಇದು ಮರ್ಜ್. ಎರಡನೆಯದು, ನನ್ನದನ್ನು ಬಿಟ್ಟು ಸರ್ವರ್‌ನಲ್ಲಿ ಇರುವುದನ್ನೇ ತಂದುಕೊಳ್ಳುವುದು. ಎಕ್ಲಿಪ್ಸ್‌ನಲ್ಲಿ ಇದಕ್ಕೆ ‘ಓವರ್‌ರೈಡ್ ಆಂಡ್ ಅಪ್‌ಡೇಟ್’ ಎಂದು ಹೆಸರು. ಮೂರನೆಯದು, ಸರ್ವರ್‌ನಲ್ಲಿ ಏನೇ ಇರಲಿ ಅದರ ಮೇಲೆ ನನ್ನದನ್ನೇ ಕೂರಿಸುವುದು. ಅದು ‘ಓವರ್‌ರೈಡ್ ಆಂಡ್ ಕಮಿಟ್’.

ಮೊದಲನೆಯದಕ್ಕೆ ಸಮಯ ಬೇಕು. ಉಳಿದೆರಡಕ್ಕೆ ಒಂದು ಕ್ಲಿಕ್ ಸಾಕು. ತೊಂದರೆ ಶುರುವಾಗುವುದು ಇಲ್ಲೇ.

ಒಂದು ಮದುವೆ ಖರ್ಚಿನ ಪಟ್ಟಿ

ಒಂದು ಉದಾಹರಣೆ ನೋಡೋಣ. ಅಣ್ಣ ಹುಬ್ಬಳ್ಳಿಯಲ್ಲಿ, ತಂಗಿ ಮೈಸೂರಿನಲ್ಲಿ. ಮನೆಯ ಮದುವೆಗೆ ಇಬ್ಬರೂ ಸೇರಿ ಒಂದು ಖರ್ಚಿನ ಪಟ್ಟಿ ಇಟ್ಟಿದ್ದಾರೆ ಎಂದುಕೊಳ್ಳಿ. ಮೊದಲ ಸಾಲಿನಲ್ಲೇ ಒಟ್ಟು ಮೊತ್ತ:

ಒಟ್ಟು: 70,000
ಹೂವು: 8,000
ಶಾಮಿಯಾನ: 12,000
ವಾಲಗ: 10,000
ಅಡುಗೆ: 40,000

ಅಣ್ಣ ಶಾಮಿಯಾನದವರ ಹತ್ತಿರ ಮಾತಾಡಿದ. 12,000 ಹೋಗಿ 15,000 ಆಯಿತು. ಒಟ್ಟು ಮೊತ್ತವನ್ನು 73,000 ಎಂದು ತಿದ್ದಿದ. ಅದೇ ಹೊತ್ತಿಗೆ ತಂಗಿ ಅಡುಗೆಯವರ ಹತ್ತಿರ ಮಾತಾಡಿದಳು. 40,000 ಹೋಗಿ 45,000 ಆಯಿತು. ಅವಳ ಪಟ್ಟಿಯಲ್ಲಿ ಒಟ್ಟು 75,000. ತಂಗಿ ಮೊದಲು ಕಳಿಸಿದಳು, ಅದು ಸರ್ವರ್‌ನಲ್ಲಿ ಕೂತಿತು. ಈಗ ಅಣ್ಣ ಸಿಂಕ್ ಒತ್ತಿದ. ಕೆಂಪು ಬಾಣ ಬಂತು.

ವರ್ಷನ್ ಕಂಟ್ರೋಲ್ ಇಂಥ ಸಮಯದಲ್ಲಿ ಮೂರು ಪ್ರತಿಗಳನ್ನು ಹೋಲಿಸುತ್ತದೆ: ಇಬ್ಬರೂ ಹೊರಟ ಹಳೆಯ ಪಟ್ಟಿ, ಅಣ್ಣನದು, ತಂಗಿಯದು. ಶಾಮಿಯಾನದ ಸಾಲನ್ನು ಅಣ್ಣ ಮಾತ್ರ ಬದಲಿಸಿದ್ದಾನೆ, ಆದ್ದರಿಂದ ಅಣ್ಣನದು ಸರಿ. ಅಡುಗೆಯ ಸಾಲನ್ನು ತಂಗಿ ಮಾತ್ರ ಬದಲಿಸಿದ್ದಾಳೆ, ಆದ್ದರಿಂದ ತಂಗಿಯದು ಸರಿ. ಇವೆರಡನ್ನೂ ಅದು ತಾನೇ ಸೇರಿಸಬಲ್ಲದು. ಹಳೆಯ ಪಟ್ಟಿ ಇಲ್ಲದಿದ್ದರೆ ಯಾರು ಬದಲಿಸಿದರು, ಯಾರು ಹಾಗೇ ಬಿಟ್ಟರು ಎಂದು ಹೇಳಲು ಸಾಧ್ಯವೇ ಇಲ್ಲ. ಹಳೆಯ ಪ್ರತಿಗೆ ಇಷ್ಟು ಬೆಲೆ ಇರುವುದು ಅದಕ್ಕೇ.

ಒಟ್ಟು ಮೊತ್ತದ ಸಾಲನ್ನು ಮಾತ್ರ ಇಬ್ಬರೂ ಬದಲಿಸಿದ್ದಾರೆ. ಅಲ್ಲಿ ಯಂತ್ರ ಕೈಚೆಲ್ಲಿ ನಿಮ್ಮನ್ನು ಕೇಳುತ್ತದೆ: 73,000ವೋ, 75,000ವೋ?

ಸರಿಯಾದ ಉತ್ತರ ಎರಡೂ ಅಲ್ಲ, 78,000. “ನನ್ನದು ಇಡಲೋ, ಅವರದು ಇಡಲೋ” ಎಂಬ ಪ್ರಶ್ನೆಗೆ ಯಾವ ಬಟನ್ ಒತ್ತಿದರೂ ತಪ್ಪೇ ಬರುವ ಸಂದರ್ಭಗಳು ಇರುತ್ತವೆ. ಅಂಥ ಕಡೆ ಮನುಷ್ಯರೇ ಕೂತು ಲೆಕ್ಕ ಹಾಕಬೇಕು.

ಈಗ ಅಣ್ಣ ತಾಳ್ಮೆ ಇಲ್ಲದೆ ‘ಓವರ್‌ರೈಡ್ ಆಂಡ್ ಕಮಿಟ್’ ಒತ್ತಿದ ಎಂದುಕೊಳ್ಳಿ. ಡಿಕ್ಕಿಯಾದದ್ದು ಒಂದೇ ಸಾಲಿನಲ್ಲಿ, ಆದರೆ ಓವರ್‌ರೈಡ್ ಕೆಲಸ ಮಾಡುವುದು ಇಡೀ ಫೈಲಿನ ಮೇಲೆ. ಅಣ್ಣನ ಪಟ್ಟಿ ಪೂರ್ತಿಯಾಗಿ ಬಂದು ಕೂರುತ್ತದೆ. ಅದರಲ್ಲಿ ಅಡುಗೆ ಇನ್ನೂ 40,000. ಡಿಕ್ಕಿಗೆ ಸಂಬಂಧವೇ ಇರದಿದ್ದ ತಂಗಿಯ ತಿದ್ದುಪಡಿಯೂ ಹೋಯಿತು. ಪಟ್ಟಿ ನೋಡಿದರೆ ತಪ್ಪು ಗೊತ್ತಾಗುವುದೂ ಇಲ್ಲ, ಏಕೆಂದರೆ ಕೂಡಿದರೆ ಲೆಕ್ಕ ಸರಿಯಾಗಿ 73,000 ಬರುತ್ತದೆ. ಅಡುಗೆಯವರು ಬಂದು 45,000 ಕೇಳಿದಾಗಲೇ ಗೊತ್ತಾಗುವುದು.

ಕೆಲವು ವ್ಯವಸ್ಥೆಗಳು ಈ ವ್ಯತ್ಯಾಸವನ್ನು ಹೆಸರಿನಲ್ಲೇ ಹೇಳುತ್ತವೆ. ಸಬ್‌ವರ್ಷನ್‌ನಲ್ಲಿ ‘ಮೈನ್-ಫುಲ್’ ಎಂದರೆ ಇಡೀ ಫೈಲ್ ನನ್ನದೇ ಇರಲಿ, ‘ಮೈನ್-ಕಾನ್‌ಫ್ಲಿಕ್ಟ್’ ಎಂದರೆ ಡಿಕ್ಕಿಯಾದ ಜಾಗದಲ್ಲಿ ಮಾತ್ರ ನನ್ನದು ಇರಲಿ, ಉಳಿದದ್ದು ಸೇರಿಕೊಳ್ಳಲಿ. ಹೆಸರುಗಳು ಹತ್ತಿರ ಹತ್ತಿರ, ಪರಿಣಾಮ ಬಹಳ ದೂರ ದೂರ.

ನಂಬಿಕೆ 1: “ನನ್ನದನ್ನು ಬಿಟ್ಟು ಸರ್ವರ್‌ನದ್ದನ್ನು ತಗೊಂಡರೆ ಅಪಾಯವಿಲ್ಲ”

ಇದು ಕೇಳಲು ವಿನಯದ ಮಾತು. ಬೇರೆಯವರ ಕೆಲಸಕ್ಕೆ ಕೈ ಹಾಕುವುದಿಲ್ಲ, ನನ್ನದನ್ನು ಮಾತ್ರ ಬಿಡುತ್ತೇನೆ. ಆದರೆ ವಾಪಸ್ ಬರದಂತೆ ಅಳಿಯುವ ಸಾಧ್ಯತೆ ಹೆಚ್ಚಿರುವುದು ಇದರಲ್ಲೇ.

ಕಾರಣ ಸರಳ. ತಂಗಿಯ ತಿದ್ದುಪಡಿ ಸರ್ವರ್‌ನಲ್ಲಿ ಕಮಿಟ್ ಆಗಿದೆ, ಅಂದರೆ ಪಾಸ್‌ಬುಕ್‌ನಲ್ಲಿ ದಾಖಲಾಗಿದೆ. ಅಣ್ಣ ಅದರ ಮೇಲೆ ತನ್ನದನ್ನು ಕೂರಿಸಿದರೂ ಹಿಂದಿನ ಪುಟ ತಿರುವಿ ಅದನ್ನು ತೆಗೆಯಬಹುದು. ಆದರೆ ಅಣ್ಣನ ತಿದ್ದುಪಡಿ ಅವನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದೆ, ಎಲ್ಲೂ ದಾಖಲಾಗಿಲ್ಲ. ಅವನು ‘ಓವರ್‌ರೈಡ್ ಆಂಡ್ ಅಪ್‌ಡೇಟ್’ ಒತ್ತಿದರೆ ಆ ಫೈಲಿನ ಮೇಲೆ ಸರ್ವರ್ ಪ್ರತಿ ಬರೆಯಲ್ಪಡುತ್ತದೆ. ವರ್ಷನ್ ಕಂಟ್ರೋಲ್‌ನ ದೃಷ್ಟಿಯಲ್ಲಿ ಅವನ ಕೆಲಸ ಯಾವತ್ತೂ ಇರಲೇ ಇಲ್ಲ.

ಗಿಟ್ ಇದನ್ನು ತಡೆಯಲು ಪ್ರಯತ್ನಿಸುತ್ತದೆ. ಕಮಿಟ್ ಮಾಡದ ಬದಲಾವಣೆ ಅಳಿದುಹೋಗುವಂತಿದ್ದರೆ ‘ಪುಲ್’ ಮಾಡಲು ಒಪ್ಪದೆ ಎಚ್ಚರಿಕೆ ಕೊಡುತ್ತದೆ. ಆಗ ವಿದ್ಯಾರ್ಥಿಗಳು, ಹೊಸಬರು ಇಂಟರ್ನೆಟ್‌ನಲ್ಲಿ ಹುಡುಕುತ್ತಾರೆ. “ಇದನ್ನು ಹಾಕಿ, ಸರಿಹೋಗುತ್ತೆ” ಎಂದು ಕೈಯಿಂದ ಕೈಗೆ ದಾಟುವ ಸಾಲು ಸಿಗುತ್ತದೆ: ‘ಗಿಟ್ ರಿಸೆಟ್ ಹಾರ್ಡ್’. ಹಾಕಿದರೆ ಎಚ್ಚರಿಕೆ ಹೋಗುವುದು ನಿಜ. ಎಚ್ಚರಿಕೆ ಯಾವುದರ ಬಗ್ಗೆ ಇತ್ತೋ ಆ ಕೆಲಸವೂ ಅದರ ಜೊತೆಗೆ ಹೋಗುತ್ತದೆ. ಅರ್ಥ ಗೊತ್ತಿಲ್ಲದ ಮಾತ್ರೆಯನ್ನು ಯಾರೋ ಫಾರ್ವರ್ಡ್ ಮಾಡಿದರು ಎಂದು ನುಂಗುವುದಿಲ್ಲವಲ್ಲ, ಇದೂ ಹಾಗೆಯೇ.

ಒಂದು ಸಮಾಧಾನ ಇದೆ. ಎಕ್ಲಿಪ್ಸ್‌ನಂಥ ಕೆಲವು ತಂತ್ರಾಂಶಗಳು ನೀವು ಸೇವ್ ಮಾಡಿದ ಹಳೆಯ ಪ್ರತಿಗಳನ್ನು ‘ಲೋಕಲ್ ಹಿಸ್ಟರಿ’ಯಲ್ಲಿ ಕೆಲವು ದಿನ ಇಟ್ಟಿರುತ್ತವೆ. ಎಕ್ಲಿಪ್ಸ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಅದು 7 ದಿನ. ಕೆಲಸ ಕಳೆದುಕೊಂಡವರು ಮೊದಲು ನೋಡಬೇಕಾದ ಜಾಗ ಅದು.

ನಂಬಿಕೆ 2: “ಹಿಸ್ಟರಿ ಇದೆ, ಹಾಗಾಗಿ ನನ್ನದನ್ನು ಮೇಲೆ ಹಾಕಿದರೆ ಏನೂ ಆಗಲ್ಲ”

ಅರ್ಧ ಸತ್ಯ. ಹಿಸ್ಟರಿಯಲ್ಲಿ ಇದೆ ಎಂಬುದು ನಿಜ. ಆದರೆ ಅದನ್ನು ಹುಡುಕಬೇಕು ಎಂದು ಯಾರಿಗಾದರೂ ಹೊಳೆಯಬೇಕಲ್ಲ? ತಂಗಿ ತನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದಾಳೆ. ಅಣ್ಣ ತನ್ನದು ಸರಿಯಿದೆ ಎಂದುಕೊಂಡಿದ್ದಾನೆ. ಸಾಫ್ಟ್‌ವೇರ್‌ನಲ್ಲಿ ಹೀಗೆ ಒಮ್ಮೆ ಸರಿಪಡಿಸಿದ ದೋಷ ಯಾರಿಗೂ ತಿಳಿಯದಂತೆ ಮರಳಿ ಬರಬಹುದು.

ಇನ್ನೊಂದು ಇದಕ್ಕಿಂತ ಗಂಭೀರ. ಗಿಟ್‌ನಲ್ಲಿ ‘ಫೋರ್ಸ್ ಪುಶ್’ ಎಂಬುದಿದೆ. ಅದು ಸರ್ವರ್‌ನಲ್ಲಿರುವ ಶಾಖೆಯ ಇತಿಹಾಸವನ್ನೇ ನಿಮ್ಮ ಬಳಿಯಿರುವ ಇತಿಹಾಸಕ್ಕೆ ಬದಲಿಸುತ್ತದೆ. ಪಾಸ್‌ಬುಕ್‌ನಲ್ಲಿ ಹೊಸ ಸಾಲು ಬರೆಯುವುದಕ್ಕೂ, ಕೊನೆಯ ನಾಲ್ಕು ಪುಟ ಹರಿದು ಬೇರೆ ಪುಟ ಅಂಟಿಸುವುದಕ್ಕೂ ಇರುವ ವ್ಯತ್ಯಾಸ ಇದು.

2013ರ ನವೆಂಬರ್‌ನಲ್ಲಿ ಇದು ದೊಡ್ಡ ಪ್ರಮಾಣದಲ್ಲೇ ನಡೆಯಿತು. ಜೆಂಕಿನ್ಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯ 150ಕ್ಕೂ ಹೆಚ್ಚು ರೆಪೊಸಿಟರಿಗಳ ಮೇಲೆ ಒಂದು ತಪ್ಪು ಫೋರ್ಸ್ ಪುಶ್‌ನಿಂದ ಹಳೆಯ ಪ್ರತಿಗಳು ಬಂದು ಕೂತವು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಹೊಸ ಕೆಲಸವೆಲ್ಲ ಕಣ್ಮರೆಯಾದಂತೆ ಕಂಡಿತು. ಆದರೂ ಅದನ್ನು ಮರಳಿ ಪಡೆಯಲು ಸಾಧ್ಯವಾಯಿತು. ಗಿಟ್‌ಹಬ್ ಸಿಬ್ಬಂದಿಯ ನೆರವು ಸಿಕ್ಕಿತು, ಜೊತೆಗೆ ಡೆವಲಪರ್‌ಗಳ ಕಂಪ್ಯೂಟರ್‌ಗಳಲ್ಲಿ ಹೊಸ ಪ್ರತಿಗಳಿದ್ದವು.

ಗಿಟ್‌ನಲ್ಲಿ ಒಮ್ಮೆ ಕಮಿಟ್ ಆದದ್ದು ತಕ್ಷಣ ಅಳಿಯುವುದಿಲ್ಲ. ಶಾಖೆಯಿಂದ ಅದರ ಕೊಂಡಿ ತಪ್ಪುತ್ತದೆ ಅಷ್ಟೆ. ಸ್ವಂತ ಕಂಪ್ಯೂಟರ್‌ನಲ್ಲಿ ‘ರಿಫ್ಲಾಗ್’ ಎಂಬ ದಿನಚರಿ ಅಂಥ ಕಮಿಟ್‌ಗಳ ವಿಳಾಸವನ್ನು ಸಾಮಾನ್ಯವಾಗಿ 30 ದಿನವಾದರೂ ಇಟ್ಟುಕೊಂಡಿರುತ್ತದೆ. ದಾಖಲಾದದ್ದನ್ನು ಹುಡುಕಬಹುದು, ದಾಖಲಾಗದ್ದನ್ನು ಹುಡುಕಲು ಜಾಗವೇ ಇರುವುದಿಲ್ಲ.

ನಂಬಿಕೆ 3: “ತಾನಾಗಿಯೇ ಮರ್ಜ್ ಆಯಿತು ಅಂದರೆ ಎಲ್ಲ ಸರಿಯಿದೆ”

ಯಂತ್ರ ಸಾಲುಗಳನ್ನು ನೋಡುತ್ತದೆ, ಅರ್ಥವನ್ನು ನೋಡುವುದಿಲ್ಲ. ತಂಗಿ ಅಡುಗೆಯ ಸಾಲನ್ನು ಮಾತ್ರ ತಿದ್ದಿ ಒಟ್ಟು ಮೊತ್ತ ತಿದ್ದಲು ಮರೆತಿದ್ದರೆ? ಆಗ ಡಿಕ್ಕಿಯೇ ಆಗುವುದಿಲ್ಲ. ಎಲ್ಲ ಸಲೀಸಾಗಿ ಸೇರಿಕೊಳ್ಳುತ್ತದೆ. ಶಾಮಿಯಾನ 15,000, ಅಡುಗೆ 45,000, ಒಟ್ಟು ಮಾತ್ರ 73,000. ಕೆಂಪು ಬಾಣ ಬರಲಿಲ್ಲ, ಆದರೆ ಪಟ್ಟಿ ತಪ್ಪು. ಆದ್ದರಿಂದಲೇ ಮರ್ಜ್ ಆದ ಮೇಲೆ ಪ್ರೋಗ್ರಾಂ ಅನ್ನು ಮತ್ತೊಮ್ಮೆ ಓಡಿಸಿ ಪರೀಕ್ಷಿಸುವುದು ರೂಢಿ.

ನಿಮ್ಮ ಫೋನಿಗೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧವೇ ಇದೆ. ಫೋನ್‌ನ ಸಿಂಕ್ ಕೂಡ ಒಳಬರುವ, ಹೊರಹೋಗುವ ಬದಲಾವಣೆಗಳನ್ನು ಹೊಂದಿಸುವ ಕೆಲಸವೇ. ವ್ಯತ್ಯಾಸವೆಂದರೆ, ಅನೇಕ ಕಡೆ ಅದು ನಿಮ್ಮನ್ನು ಕೇಳುವುದೇ ಇಲ್ಲ. ಮತ್ತು ಹಿಂದಿನ ಪುಟಗಳನ್ನು ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ.

ಗೂಗಲ್ ಫೋಟೋಸ್: “ಫೋನಲ್ಲಿ ಡಿಲೀಟ್ ಮಾಡಿದರೂ ಕ್ಲೌಡ್‌ನಲ್ಲಿ ಇರುತ್ತೆ” ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಆ್ಯಪ್‌ನಲ್ಲಿ ಡಿಲೀಟ್ ಮಾಡಿದರೆ ಅದು ಹೊರಹೋಗುವ ಬದಲಾವಣೆ. ಬ್ಯಾಕಪ್ ಆದ ಪ್ರತಿಯೂ, ಸಿಂಕ್ ಆಗಿರುವ ಇತರ ಸಾಧನಗಳ ಪ್ರತಿಯೂ ಹೋಗುತ್ತದೆ. ಬ್ಯಾಕಪ್ ಆಗಿದ್ದ ಚಿತ್ರ 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಆಮೇಲೆ ಇಲ್ಲ. ಫೋನಿನಲ್ಲಿ ಜಾಗ ಮಾತ್ರ ಬೇಕಿದ್ದರೆ ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆಯೇ ಆಯ್ಕೆ ಇದೆ. ಅದು ಬ್ಯಾಕಪ್ ಆಗಿರುವ ಚಿತ್ರಗಳ ಫೋನ್ ಪ್ರತಿಯನ್ನಷ್ಟೇ ತೆಗೆಯುತ್ತದೆ.

ವಾಟ್ಸ್‌ಆ್ಯಪ್ ಬ್ಯಾಕಪ್: ಒಂದೇ ನಂಬರ್, ಒಂದೇ ಗೂಗಲ್ ಖಾತೆಗೆ ಹೊಸ ಬ್ಯಾಕಪ್ ಹೋದರೆ ಹಳೆಯದರ ಮೇಲೆ ಬರೆಯಲ್ಪಡುತ್ತದೆ. ಇದು ಅಪ್ಪಟ ಓವರ್‌ರೈಡ್. ಹೊಸ ಫೋನ್ ತಂದು, ‘ರಿಸ್ಟೋರ್’ ಕೇಳಿದಾಗ ‘ಸ್ಕಿಪ್’ ಒತ್ತಿ, ಆ ರಾತ್ರಿ ಬ್ಯಾಕಪ್ ನಡೆದರೆ, ವರ್ಷಗಟ್ಟಲೆಯ ಮಾತುಕತೆಯ ಜಾಗದಲ್ಲಿ ಒಂದು ದಿನದ ಮಾತುಕತೆ ಕೂರುತ್ತದೆ. ತೀರಿಹೋದವರ ಕೊನೆಯ ವಾಯ್ಸ್ ಮೆಸೇಜ್ ಅದರಲ್ಲಿದ್ದರೆ ಅದೂ ಹೋಯಿತು. ಆದ್ದರಿಂದ ಹಳೆಯ ಆಂಡ್ರಾಯ್ಡ್ ಫೋನನ್ನು ಅದೇ ದಿನ ಫಾರ್ಮ್ಯಾಟ್ ಮಾಡಿ ಮಾರಬೇಡಿ. ಅದರ ಒಳಗೆ 7 ದಿನಗಳವರೆಗಿನ ಲೋಕಲ್ ಬ್ಯಾಕಪ್ ಇರುತ್ತದೆ.

ಕಾಂಟ್ಯಾಕ್ಟ್‌ಗಳು: ಫೋನಿನಲ್ಲಿ ಹೆಸರು ಅಳಿಸಿದರೆ ಗೂಗಲ್ ಖಾತೆಯಲ್ಲೂ ಅಳಿಯುತ್ತದೆ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ‘ಅನ್‌ಡೂ ಚೇಂಜಸ್’ ಎಂಬುದರಿಂದ 30 ದಿನಗಳ ಹಿಂದಿನವರೆಗಿನ ಸ್ಥಿತಿಗೆ ಮರಳಬಹುದು.

ಒಳ್ಳೆಯ ಉದಾಹರಣೆಗಳೂ ಇವೆ. ಡ್ರಾಪ್‌ಬಾಕ್ಸ್‌ನಲ್ಲಿ ಇಬ್ಬರು ಒಂದೇ ಫೈಲ್ ತಿದ್ದಿದರೆ ಯಾವುದನ್ನೂ ಅಳಿಸದೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂಬ ಹೆಸರಿನಲ್ಲಿ ಎರಡನೆಯದನ್ನೂ ಇಡುತ್ತದೆ. ಅದನ್ನು ಕಸ ಎಂದು ಅಳಿಸುವವರೇ ಹೆಚ್ಚು, ಆದರೆ ಅದರಲ್ಲಿ ಯಾರದ್ದೋ ಕೆಲಸ ಇರುತ್ತದೆ. ಕನ್ನಡ ವಿಕಿಪೀಡಿಯದಲ್ಲೂ ಒಂದೇ ಲೇಖನದ ಒಂದೇ ಭಾಗವನ್ನು ಇಬ್ಬರು ತಿದ್ದಿದರೆ, ಎರಡನೆಯವರಿಗೆ ಎರಡೂ ಪಠ್ಯಗಳನ್ನು ತೋರಿಸಿ ಹೊಂದಿಸಲು ಹೇಳುತ್ತದೆ. ಹಳೆಯ ಆವೃತ್ತಿಗಳು ಪುಟದ ಇತಿಹಾಸದಲ್ಲಿ ಸಿಗುತ್ತವೆ.

ಹಾಗಾದರೆ ಏನು ಮಾಡಬೇಕು?

• “ಯಾವುದನ್ನು ಉಳಿಸಲಿ?” ಎಂದು ಕೇಳಿದಾಗ ಮೊದಲು ‘ಕ್ಯಾನ್ಸಲ್’ ಮಾಡಿ. ನಿಮ್ಮ ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಬೇರೆ ಫೋಲ್ಡರ್‌ಗೆ ಹಾಕಿ. ಅರ್ಧ ನಿಮಿಷದ ಕೆಲಸ. ಆಮೇಲೆ ಯಾವ ಬಟನ್ ಒತ್ತಿದರೂ ನಿಮ್ಮ ಕೆಲಸ ಉಳಿಯುತ್ತದೆ.

• ಗಿಟ್ ಬಳಸುವವರು ಹೊರಗಿನದನ್ನು ತರುವ ಮೊದಲು ತಮ್ಮದನ್ನು ಕಮಿಟ್ ಮಾಡಿ. ಕೆಲಸ ಅರ್ಧವಾಗಿದ್ದರೂ ಪರವಾಗಿಲ್ಲ.

• ಫೋರ್ಸ್ ಪುಶ್ ಮಾಡಲೇಬೇಕಿದ್ದರೆ ‘ಫೋರ್ಸ್ ವಿತ್ ಲೀಸ್’ ಬಳಸಿ. ನೀವು ಕೊನೆಯ ಬಾರಿ ನೋಡಿದ ಮೇಲೆ ಸರ್ವರ್‌ಗೆ ಬೇರೆಯವರು ಏನಾದರೂ ಸೇರಿಸಿದ್ದರೆ ಅದು ನಿರಾಕರಿಸುತ್ತದೆ.

• ಬೇರೆಯವರ ಬದಲಾವಣೆಯ ಮೇಲೆ ನಿಮ್ಮದನ್ನು ಹಾಕುವ ಮೊದಲು ಅವರಿಗೊಂದು ಫೋನ್ ಮಾಡಿ. “ತಂಗೀ, ನೀನು ಪಟ್ಟಿ ತಿದ್ದಿದ್ದೀಯಾ?” ಎಂದು ಅಣ್ಣ ಕೇಳಿದ್ದರೆ 78,000 ಆಗಲೇ ಗೊತ್ತಾಗುತ್ತಿತ್ತು.

• ತಪ್ಪಾಗಿ ಅಳಿಸಿದ್ದೀರಾ? ಅದೇ ಖಾತೆಯ ಇನ್ನೊಂದು ಫೋನ್ ಅಥವಾ ಲ್ಯಾಪ್‌ಟಾಪ್ ಇದ್ದರೆ, ಅದರ ಇಂಟರ್ನೆಟ್ ತಕ್ಷಣ ಆಫ್ ಮಾಡಿ. ಅಳಿಸಿದ ಸುದ್ದಿ ಅಲ್ಲಿಗೆ ತಲುಪಿರದಿದ್ದರೆ ಹಳೆಯ ಪ್ರತಿ ಅಲ್ಲಿ ಸಿಗಬಹುದು. ನಂತರ ಟ್ರ್ಯಾಶ್, ವರ್ಷನ್ ಹಿಸ್ಟರಿ, ಲೋಕಲ್ ಹಿಸ್ಟರಿ, ರಿಫ್ಲಾಗ್ ನೋಡಿ. ಎಲ್ಲಕ್ಕೂ ದಿನಗಳ ಮಿತಿ ಇದೆ, ತಡ ಮಾಡಬೇಡಿ.

• ಕಳೆದುಕೊಳ್ಳಲು ಆಗದ ಫೋಟೋ, ದಾಖಲೆಗಳನ್ನು ಸಿಂಕ್‌ಗೆ ಸೇರದ ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್‌ನಲ್ಲೂ ಇಡಿ. ಸಿಂಕ್ ನಿಮ್ಮ ತಪ್ಪನ್ನೂ ಎಲ್ಲ ಕಡೆಗೆ ತಲುಪಿಸುತ್ತದೆ. ಬೇರೆಯಾಗಿ ಇಟ್ಟ ಪ್ರತಿಗೆ ಆ ತಪ್ಪು ತಲುಪುವುದಿಲ್ಲ.

ಗ್ರೂಪ್‌ಗೆ ಕಳಿಸುವವರಿಗೆ ಚಿಕ್ಕದಾಗಿ

“ಕ್ಲೌಡ್‌ನಲ್ಲಿದ್ದರೆ ಯಾವತ್ತೂ ಹೋಗಲ್ಲ” ಎಂಬುದು ತಪ್ಪು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಓವರ್‌ರೈಡ್ ಎಂದರೆ ಸೇರಿಸುವುದಲ್ಲ, ಒಂದು ಕಡೆಯದನ್ನು ಪೂರ್ತಿ ತೆಗೆಯುವುದು. ಬೇರೆಯವರದ್ದರ ಮೇಲೆ ನಿಮ್ಮದನ್ನು ಹಾಕಿದರೆ ಅವರದು ಸಾಮಾನ್ಯವಾಗಿ ಹಿಸ್ಟರಿಯಲ್ಲಿ ಸಿಗುತ್ತದೆ, ಆದರೆ ಹೋದದ್ದು ಅವರಿಗೆ ಗೊತ್ತಾಗದಿರಬಹುದು. ದಾಖಲಾಗದ ನಿಮ್ಮದರ ಮೇಲೆ ಬೇರೆಯವರದ್ದನ್ನು ತಂದುಕೊಂಡರೆ ನಿಮ್ಮದು ಎಲ್ಲೂ ಸಿಗದಿರಬಹುದು. ಬಟನ್ ಒತ್ತುವ ಮೊದಲು ಒಂದು ಪ್ರತಿ ಪಕ್ಕಕ್ಕೆ ಎತ್ತಿಡಿ.